ಮಳೆಗಾಲಕ್ಕೂ ಜಗ್ಗದ ಆಟದ ಸರಂಜಾಮು: ಡಂಜನ್ಸ್ ಅಂಡ್ ಡ್ರಾಗನ್ಸ್ ಮೇಜಿಗೆ ಬೇಕಾದ್ದನ್ನು ಮಂಗಳೂರು–ಉಡುಪಿಯಲ್ಲೇ ಮಾಡಿಕೊಳ್ಳುವ ಸಮಗ್ರ ಮಾರ್ಗದರ್ಶಿ

ಡಂಜನ್ಸ್ ಅಂಡ್ ಡ್ರಾಗನ್ಸ್ ಎಂದರೆ ಮೇಜಿನ ಸುತ್ತ ಕೂತು, ಡೈಸ್ (ದಾಳ) ಎಸೆಯುತ್ತ, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕತೆ ಕಟ್ಟುವ ಆಟ; ಕತೆ ನಡೆಸುವವರು ಡಿಎಂ, ಅಂದರೆ ಡಂಜನ್ ಮಾಸ್ಟರ್. ಎಂಡಿಎಫ್ (ಮರದ ಪುಡಿ ಒತ್ತಿ ಮಾಡಿದ) ಹಲಗೆಯ ಡೈಸ್ ಟವರ್, ಅಂದರೆ ಡೈಸ್ ಉರುಳಿಬೀಳುವ ಗೋಪುರ, ಡಿಎಂ ತಮ್ಮ ಟಿಪ್ಪಣಿ ಮರೆಮಾಡುವ ದಪ್ಪ ರಟ್ಟಿನ ಪರದೆ, ಚರ್ಮದ ಡೈಸ್ ಟ್ರೇ. ಹೊರದೇಶದ ವಿಡಿಯೊಗಳಲ್ಲಿ ಚೆಂದ ಕಾಣುವ ಈ ಮೂರೂ ಕರಾವಳಿಯ ಒಂದು ಮಳೆಗಾಲ ದಾಟುವುದು ಕಷ್ಟ. ಎಂಡಿಎಫ್ ಅಂಚಿನಿಂದ ಪಸೆ ಕುಡಿದು ಉಬ್ಬುತ್ತದೆ, ರಟ್ಟು ಬಾಗುತ್ತದೆ, ಚರ್ಮಕ್ಕೆ ಬೂಷ್ಟು ಹಿಡಿಯುತ್ತದೆ. ವರ್ಷಕ್ಕೆ ಮೂರೂವರೆ ಸಾವಿರ ಮಿ.ಮೀ. ಆಸುಪಾಸಿನಲ್ಲಿ ಮಳೆ ಸುರಿಯುವ ಊರಿನಲ್ಲಿ ಸಾಮಾನು ಆರಿಸುವಾಗ ಮೊದಲು ಕೇಳಬೇಕಾದದ್ದು ಚೆಂದದ ಪ್ರಶ್ನೆಯಲ್ಲ, ಆಟಿ ತಿಂಗಳಲ್ಲಿ ಇದರ ಗತಿ ಏನು ಎಂಬ ಪ್ರಶ್ನೆ. ಕೆಳಗಿನ ಆಯ್ಕೆಗಳೆಲ್ಲ ಆ ಲೆಕ್ಕದಲ್ಲೇ ಇವೆ. ಪ್ರಮಾಣಗಳು ಐದು ಆಟಗಾರರು ಮತ್ತು ಒಬ್ಬ ಡಿಎಂ ಕೂರುವ ಒಂದು ಮೇಜಿಗೆ.

ಅಳತೆ ಮತ್ತು ಡೈಸ್

ಯಾವುದನ್ನು ಕತ್ತರಿಸುವ ಮುಂಚೆಯೂ ಒಂದು ಅಳತೆ ತಲೆಯಲ್ಲಿರಲಿ: ಮೇಜಿನ ಮೇಲಿನ 1 ಇಂಚಿನ ಚೌಕ ಆಟದ ಲೋಕದಲ್ಲಿ 5 ಅಡಿ. ಮನುಷ್ಯ ಗಾತ್ರದ ಪಾತ್ರಕ್ಕೆ 25 ಮಿ.ಮೀ. ಪೀಠ, ಕುದುರೆ ಅಥವಾ ಓಗರ್ ಎಂಬ ದಡೂತಿ ರಾಕ್ಷಸನಂಥ ದೊಡ್ಡದಕ್ಕೆ 50, ದೈತ್ಯರಿಗೆ 75, ಮುದಿ ಡ್ರ್ಯಾಗನ್‌ಗೆ 100. ನಿಮ್ಮ ಮ್ಯಾಟ್, ನೆಲದ ತುಂಡು, ಗೊಂಬೆ ಎಲ್ಲವೂ ಇದೇ ಅಳತೆಗೆ ಬಂದರೆ ಮಾತ್ರ ಒಂದರ ಮೇಲೊಂದು ಕೂರುತ್ತವೆ.

ಡೈಸ್ ಮಾಡಲು ಹೋಗಬೇಡಿ, ಕೊಂಡುಕೊಳ್ಳಿ. ಡಿ ಎಂದರೆ ಡೈಸ್, ಪಕ್ಕದ ಅಂಕಿ ಅದರ ಮುಖಗಳ ಲೆಕ್ಕ. ಏಳರ ಸೆಟ್‌ನಲ್ಲಿ ಡಿ4, ಡಿ6, ಡಿ8, ಎರಡು ಡಿ10 (ಒಂದರಲ್ಲಿ 00ರಿಂದ 90), ಡಿ12, ಡಿ20 ಇರುತ್ತವೆ. ರೆಸಿನ್ ಸುರಿದು ಡೈಸ್ ಮಾಡುವ ಆಸೆಯಿದ್ದರೆ ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ ಒಣ ದಿನಗಳಿಗೆ ಇಟ್ಟುಕೊಳ್ಳಿ. ಗಾಳಿಯಲ್ಲಿ ಪಸೆ ಹೆಚ್ಚಿದ್ದರೆ ಎಪಾಕ್ಸಿಯ ಮೈಮೇಲೆ ಮಂಜು ಕವಿದಂಥ ಅಂಟು ಪದರ ಬರುತ್ತದೆ, ಪಾಲಿಯುರೆಥೇನ್ ರೆಸಿನ್ನಂತೂ ನೊರೆ ಕಟ್ಟಿಬಿಡುತ್ತದೆ.

ಕೊಂಡ ಡೈಸ್ ಒಂದೇ ಕಡೆಗೆ ವಾಲುತ್ತದೆಯೇ ಎಂದು ನೋಡಲು ಉಪ್ಪುನೀರು ಸಾಕು. 200 ಮಿ.ಲೀ. ಬೆಚ್ಚಗಿನ ನೀರಿಗೆ 80 ಗ್ರಾಂ ಉಪ್ಪು ಹಾಕಿ, ತಳದಲ್ಲಿ ಸ್ವಲ್ಪ ಕರಗದೆ ಉಳಿಯುವವರೆಗೆ ಕಲಕಿ. ಇಷ್ಟು ಗಟ್ಟಿ ಮಾಡದಿದ್ದರೆ ಅಕ್ರಿಲಿಕ್ ಡೈಸ್ ಮುಳುಗುತ್ತದೆ, ಏಕೆಂದರೆ ಅದರ ಸಾಂದ್ರತೆ 1.18ರಷ್ಟು, ಪೂರ್ತಿ ಉಪ್ಪು ಹೀರಿದ ನೀರಿನದ್ದು 1.2. ತೇಲುವ ಡೈಸನ್ನು ಬೆರಳಿನಿಂದ ತಿರುಗಿಸುತ್ತ ಹೋಗಿ. ಹತ್ತಿಪ್ಪತ್ತು ಸಲವೂ ಅದೇ ಎರಡು ಮೂರು ಅಂಕಿ ಮೇಲೆ ಬಂದು ನಿಂತರೆ ಒಳಗೆ ಗಾಳಿಗುಳ್ಳೆ ಇದೆ ಎಂದು ತಿಳಿಯಿರಿ. ಆಮೇಲೆ ಸಿಹಿನೀರಿನಲ್ಲಿ ತೊಳೆದು ಒರೆಸಿ. ಲೋಹದ ಡೈಸ್‌ಗೆ ಈ ಪರೀಕ್ಷೆ ನಡೆಯದು.

ಯುದ್ಧದ ಮ್ಯಾಟ್

ಚೌಕಗಳ ಗೆರೆ ಹಾಕಿದ, ಗೊಂಬೆಗಳನ್ನು ನಿಲ್ಲಿಸಿ ಕಾಳಗ ಆಡುವ ಹಾಸು ಇದು. ಮೊದಲು ಮಾಡಬೇಕಾದದ್ದು ಇದನ್ನೇ. ಡೈಸ್ ಜೊತೆ ಇದೊಂದಿದ್ದರೆ ಉಳಿದದ್ದೇನೂ ಇಲ್ಲದೆಯೂ ಆಟ ನಡೆಯುತ್ತದೆ. 24 × 36 ಇಂಚು ಒಳ್ಳೆಯ ಗಾತ್ರ: ಆಟದ ಲೆಕ್ಕದಲ್ಲಿ 120 × 180 ಅಡಿ, ಅಂದರೆ ಒಂದು ಕೋಟೆಯ ಅಂಗಳ. ಮನೆಯ ಊಟದ ಮೇಜಿನ ಮೇಲೆ ಹಾಸಿದರೂ ಸುತ್ತ ಚಾ ಲೋಟಕ್ಕೆ, ಪಾತ್ರದ ಹಾಳೆಗೆ ಜಾಗ ಉಳಿಯುತ್ತದೆ.

ಫೈಲನ್ನು 150 ಡಿಪಿಐನಲ್ಲಿ ಮಾಡಿ, ಅಂದರೆ 3600 × 5400 ಪಿಕ್ಸೆಲ್. ಹಿನ್ನೆಲೆ ತಿಳಿ ಮಣ್ಣಿನ ಬಣ್ಣದ್ದಿರಲಿ. ಅಚ್ಚ ಬಿಳಿ ಬೇಡ, ಟ್ಯೂಬ್‌ಲೈಟ್ ಕೆಳಗೆ ಕಣ್ಣಿಗೆ ಹೊಡೆಯುತ್ತದೆ. ಗೆರೆ ಅರ್ಧ ಮಿ.ಮೀ. ದಪ್ಪ, ಬಣ್ಣ ನಡುವಿನ ಬೂದು. ಕಪ್ಪು ಗೆರೆ ಹಾಕಿದರೆ ಮಾರ್ಕರ್‌ನಲ್ಲಿ ಬಿಡಿಸಿದ ಗೋಡೆ ಯಾವುದು, ಚೌಕದ ಗೆರೆ ಯಾವುದು ಎಂದು ಗೊಂದಲವಾಗುತ್ತದೆ.

ಪೇಟೆಯಲ್ಲಿ ಬ್ಯಾನರ್ ಹಾಕುವ ಪ್ರಿಂಟಿಂಗ್ ಅಂಗಡಿಗೆ ಕಮ್ಮಿಯಿಲ್ಲ, ಹಂಪನಕಟ್ಟೆಯಲ್ಲಾಗಲಿ ಮಣಿಪಾಲದಲ್ಲಾಗಲಿ. ಕೆಲಸ ಚದರಡಿ ಲೆಕ್ಕದಲ್ಲಿ, ನಿಮ್ಮದು 6 ಚದರಡಿ. ಅಲ್ಲಿ ಎರಡು ದಾರಿಗಳಿವೆ.

ಅಗ್ಗದ್ದು: ಸಾದಾ ಫ್ಲೆಕ್ಸ್ ಮೇಲೆ ಮುದ್ರಿಸಿ, ಅದರ ಮೇಲೆ ಪಾರದರ್ಶಕ ಟೇಬಲ್ ಶೀಟ್ ಹಾಸುವುದು. ಫ್ಲೆಕ್ಸ್ ಮೇಲೇ ನೇರವಾಗಿ ವೈಟ್‌ಬೋರ್ಡ್ ಮಾರ್ಕರ್‌ನಲ್ಲಿ ಬರೆಯಬೇಡಿ, ಅದರ ಸಣ್ಣ ಕುಳಿಗಳಲ್ಲಿ ಶಾಯಿ ಕೂತರೆ ಮತ್ತೆ ಹೋಗದು. ಟೇಬಲ್ ಶೀಟ್ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ, ಒಂದು ಮೀಟರ್ ಸಾಕು. ಆಟ ಮುಗಿದ ಮೇಲೆ ಎರಡನ್ನೂ ಬೇರೆ ಮಾಡಿಯೇ ಇಡಿ. ಮೆದು ಪಿವಿಸಿಯಲ್ಲಿರುವ ಎಣ್ಣೆಯಂಥ ಅಂಶ ಮುದ್ರಣದ ಬಣ್ಣವನ್ನು ಎಳೆದುಕೊಳ್ಳುತ್ತದೆ. ಲೇಸರ್ ಪ್ರಿಂಟ್ ತೆಗೆದ ಕಾಗದವಾದರಂತೂ ಅಕ್ಷರವೇ ಶೀಟಿಗೆ ಅಂಟಿ ಬರುತ್ತದೆ.

ಬಾಳಿಕೆಯದ್ದು: ವಿನೈಲ್ ಸ್ಟಿಕ್ಕರ್ ಮೇಲೆ ಮುದ್ರಿಸಿ, ಗ್ಲಾಸಿ ಲ್ಯಾಮಿನೇಷನ್ ಹಾಕಿಸಿ, 3 ಮಿ.ಮೀ. ಸನ್‌ಬೋರ್ಡ್‌ಗೆ ಅಂಟಿಸುವುದು. ಸನ್‌ಬೋರ್ಡ್ ಪಿವಿಸಿ ನೊರೆಯ ಹಲಗೆ, ನೀರು ಕುಡಿಯುವುದಿಲ್ಲ. ಒಂದೇ ಹಲಗೆ ಬೇಡ, 24 × 18 ಇಂಚಿನ ಎರಡು ಮಾಡಿಸಿ, ಹಿಂದಿನಿಂದ ಬಟ್ಟೆಯ ಟೇಪ್ ಹಾಕಿ ಪುಸ್ತಕದಂತೆ ಮಡಚುವ ಹಾಗೆ ಜೋಡಿಸಿ. ಮಡಿಕೆ ಚೌಕದ ಗೆರೆಯ ಮೇಲೇ ಬರಬೇಕು; ಚೌಕದ ನಡುವೆ ಬಂದರೆ ಅಲ್ಲಿ ಗೊಂಬೆ ನಿಲ್ಲುವುದಿಲ್ಲ. ಹೊಳಪಿಲ್ಲದ ‘ಮ್ಯಾಟ್’ ಬಗೆಯ ಲ್ಯಾಮಿನೇಷನ್ ಬೇಡವೇ ಬೇಡ. ಬೆಳಕು ಮಿರುಗುವುದಿಲ್ಲ ನಿಜ, ಆದರೆ ಮಾರ್ಕರ್ ಕಲೆ ಉಳಿದುಬಿಡುತ್ತದೆ.

ಅಂಗಡಿಯಲ್ಲಿ ಆಗುವ ದೊಡ್ಡ ಎಡವಟ್ಟು ಅಳತೆಯದು. ಫೈಲನ್ನು ಹಲಗೆಯ ಗಾತ್ರಕ್ಕೆ ಹಿಗ್ಗಿಸಿ ಕೂರಿಸುವುದು ಆಪರೇಟರ್‌ಗಳ ರೂಢಿ, ಬ್ಯಾನರ್‌ಗೆ ಅದು ಸರಿಯೇ. ನಿಮ್ಮ ಚೌಕ ಮಾತ್ರ ಒಂದು ಇಂಚಿನ ಬದಲು ಒಂದು ಇಂಚು ಒಂದು ನೂಲು ಆಗಿ ಕೂರುತ್ತದೆ. “ಸೈಜ್ ಮುಟ್ಟಬೇಡಿ, ನೂರಕ್ಕೆ ನೂರು ಇರಲಿ” ಎಂದು ಮೊದಲೇ ಹೇಳಿ. ಲ್ಯಾಮಿನೇಷನ್‌ಗೆ ಹೋಗುವ ಮುಂಚೆ ಸ್ಕೇಲ್ ಇಟ್ಟು ಹತ್ತು ಚೌಕ ಅಳೆಯಿರಿ: 254 ಮಿ.ಮೀ. ಬರಬೇಕು. ಉದ್ದಕ್ಕೂ ಅಡ್ಡಕ್ಕೂ ಅಳೆಯಿರಿ, ಒಂದೇ ಕಡೆ ಹಿಗ್ಗಿರುವುದೂ ಉಂಟು.

ಹೊಸ ಮುದ್ರಣಕ್ಕೆ ಸಾಲ್ವೆಂಟ್ ವಾಸನೆ ಇರುತ್ತದೆ. ನೆರಳಲ್ಲಿ ಒಂದೆರಡು ದಿನ ಹರಡಿ ಬಿಡಿ. ಫ್ಲೆಕ್ಸ್ ಸುರುಳಿ ಸುತ್ತುವಾಗ ಚಿತ್ರ ಹೊರಗೆ ಬರುವಂತೆ ಸುತ್ತಿ, ಆಗ ಹಾಸಿದಾಗ ಅಂಚು ಮೇಲಕ್ಕೇಳದೆ ಮೇಜಿಗೆ ಒರಗುತ್ತದೆ. ಮಾರ್ಕರ್‌ನಲ್ಲಿ ಬಿಡಿಸಿದ್ದನ್ನು ಅಂದೇ ಒರೆಸಿ. ಕೆಂಪು ಶಾಯಿ ರಾತ್ರಿ ಕಳೆದರೆ ಹಠ ಹಿಡಿಯುತ್ತದೆ; ಅದರ ಮೇಲೆ ಮತ್ತೆ ಮಾರ್ಕರ್ ಎಳೆದು ಹಸಿ ಇರುವಾಗಲೇ ಒರೆಸಿ, ಅದಕ್ಕೂ ಬಗ್ಗದಿದ್ದರೆ ಬಟ್ಟೆಗೆ ಒಂದು ಹನಿ ಸ್ಯಾನಿಟೈಸರ್.

ಮಡಚುವ ಡೈಸ್ ಟ್ರೇ

ಬೇಕಾದದ್ದು: 11 × 11 ಇಂಚಿನ ರೆಕ್ಸಿನ್ ಒಂದು, ಅಷ್ಟೇ ಗಾತ್ರದ ಫೆಲ್ಟ್ ಅಥವಾ ಮಖಮಲ್ ಒಂದು, 12 ಮಿ.ಮೀ. ಟಿಚ್ ಬಟನ್ ನಾಲ್ಕು ಜೊತೆ, ಫೆವಿಬಾಂಡ್‌ನಂಥ ರಬ್ಬರ್ ಅಂಟು. ರೆಕ್ಸಿನ್ ಕೊಳ್ಳುವಾಗ ಪಿವಿಸಿಯದನ್ನೇ ಕೇಳಿ. ಪಿಯು ಎಂದು ಕರೆಯುವ ಮೃದು ನಕಲಿ ಚರ್ಮ ಕೈಗೆ ಹಿತ, ಆದರೆ ಪಸೆಗೆ ಒಳಗಿಂದಲೇ ಕೊಳೆತು ಕೆಲವೇ ವರ್ಷದಲ್ಲಿ ಹೊಟ್ಟಿನಂತೆ ಉದುರುತ್ತದೆ. ಹಳೆಯ ಸೋಫಾ, ಹ್ಯಾಂಡ್‌ಬ್ಯಾಗುಗಳಲ್ಲಿ ನೋಡಿಯೇ ಇರುತ್ತೀರಿ. ಟಿಚ್ ಬಟನ್ ಹಿತ್ತಾಳೆಯದ್ದು ಅಥವಾ ಪ್ಲಾಸ್ಟಿಕ್‌ನದ್ದು. ಕಬ್ಬಿಣದ ಮೇಲೆ ಲೇಪ ಹಾಕಿದ್ದು ಉಪ್ಪುಗಾಳಿಗೆ ತುಕ್ಕು ಹಿಡಿದು ಬಟ್ಟೆಗೆ ಕಂದು ಕಲೆ ಬಿಡುತ್ತದೆ.

1. ರೆಕ್ಸಿನ್‌ನ ಒಳಬದಿಗೂ ಬಟ್ಟೆಯ ಹಿಂಬದಿಗೂ ತೆಳ್ಳಗೆ ಅಂಟು ಸವರಿ. ಅಂಚಿನ ಕಾಲು ಇಂಚು ಬಿಟ್ಟುಬಿಡಿ, ಅಲ್ಲಿ ಅಂಟಿದ್ದರೆ ಹೊಲಿಗೆಯ ಸೂಜಿ ಅಂಟಂಟಾಗಿ ದಾರ ಕಡಿಯುತ್ತದೆ. ಬೆರಳಿಗೆ ಹತ್ತದಷ್ಟು ಆರುವವರೆಗೆ ಕಾಯಿರಿ: ಬೇಸಗೆಯಲ್ಲಿ ಹತ್ತು ಹದಿನೈದು ನಿಮಿಷ, ಮಳೆಯಲ್ಲಿ ಅದರ ಎರಡರಷ್ಟು. ಹಸಿ ಇದ್ದಾಗಲೇ ಒತ್ತಿದರೆ ಒಳಗೆ ಗುಳ್ಳೆ ಏಳುತ್ತದೆ.

2. ಒಂದು ಅಂಚಿನಿಂದ ಶುರುಮಾಡಿ ಚಪಾತಿ ಲಟ್ಟಣಿಗೆಯಿಂದ ಒತ್ತುತ್ತ ಜೋಡಿಸಿ. ಸುತ್ತ ಒಂದು ಸಾಲು ಹೊಲಿಗೆ. ಮನೆಯ ಮೆಷಿನ್‌ಗೆ ರೆಕ್ಸಿನ್ ಭಾರವೆನಿಸಿದರೆ ಬ್ಯಾಗ್ ರಿಪೇರಿಯವರು ಹತ್ತು ನಿಮಿಷದಲ್ಲಿ ಹೊಲಿದುಕೊಡುತ್ತಾರೆ.

3. ಬಟ್ಟೆಯ ಬದಿಯಲ್ಲಿ ಪ್ರತಿ ಮೂಲೆಗೆ ಎರಡು ಚುಕ್ಕೆ ಗುರುತಿಸಿ. ಎಡ ಅಂಚಿನಿಂದ 1¼ ಇಂಚು, ಕೆಳ ಅಂಚಿನಿಂದ 0.6 ಇಂಚು ದೂರದಲ್ಲಿ ಒಂದು. ಅದನ್ನೇ ತಿರುಗಿಸಿ, ಎಡದಿಂದ 0.6, ಕೆಳಗಿನಿಂದ 1¼ ಇಂಚಿಗೆ ಇನ್ನೊಂದು. ಮೂಲೆಯನ್ನು ಚಿವುಟಿ ಮೇಲೆತ್ತಿದಾಗ ಈ ಎರಡು ಚುಕ್ಕೆ ಒಂದಕ್ಕೊಂದು ಮುಟ್ಟಬೇಕು. ಮುಟ್ಟದಿದ್ದರೆ ಗುರುತು ತಪ್ಪಿದೆ, ತೂತು ಹಾಕುವ ಮುಂಚೆಯೇ ಸರಿಮಾಡಿ.

4. ಬಟನ್ ಹಾಕುವಾಗ ಕಚ್ಚುವ ಎರಡು ಮುಖಗಳೂ ಬಟ್ಟೆಯ ಬದಿಗೆ, ಟೊಪ್ಪಿ ರೆಕ್ಸಿನ್ ಬದಿಗೆ. ಎಲ್ಲರೂ ಎಡವುವುದು ಇಲ್ಲೇ. ಮೂಲೆಯ ಕಿವಿ ಹೊರಕ್ಕೆ ಚಾಚುವುದರಿಂದ ಬಟ್ಟೆಗೆ ಬಟ್ಟೆ ಮುಖ ಮಾಡುತ್ತದೆಯೇ ಹೊರತು ರೆಕ್ಸಿನ್‌ಗೆ ರೆಕ್ಸಿನ್ ಅಲ್ಲ.

ಮಡಚಿ ನಿಲ್ಲಿಸಿದಾಗ ಒಳಗೆ ಸುಮಾರು 8 × 8 ಇಂಚು ನೆಲ, ಸುತ್ತ ಒಂದೂವರೆ ಇಂಚಿನ ಗೋಡೆ ಬರುತ್ತದೆ. ಡಿ20 ಒಂದಲ್ಲ, ಫೈರ್‌ಬಾಲ್ ಎಂಬ ಬೆಂಕಿಯುಂಡೆಯ ಮಂತ್ರಕ್ಕೆ ಬೇಕಾದ ಎಂಟು ಡಿ6 ಒಟ್ಟಿಗೆ ಎಸೆದರೂ ಹೊರಗೆ ಹಾರದು.

ಹಾಳೆ ತಟ್ಟೆಯ ಟ್ರೇ ಮತ್ತು ಚೆನ್ನೆಮಣೆ

ರೆಕ್ಸಿನ್ ಟ್ರೇ ಎಲ್ಲ ಊರಿನಲ್ಲೂ ಇದೆ. ನಮ್ಮಲ್ಲಿ ಮಾತ್ರ ಸುಲಭಕ್ಕೆ ಸಿಗುವುದು ಅಡಿಕೆ ಹಾಳೆಯ ಚೌಕ ತಟ್ಟೆ. ಡೈಸ್ ಬಿದ್ದಾಗ ಅದರ ಸದ್ದು ಪ್ಲಾಸ್ಟಿಕ್‌ನಂತೆ ಕರ್ಕಶವಲ್ಲ, ಹಾಳೆಯ ಎಳೆಗಳು ನೋಡಲೂ ಚೆಂದ. ಆದರೆ ಒಂದೇ ಊಟಕ್ಕೆಂದು ಮಾಡಿದ ವಸ್ತುವದು. ವರ್ಷಗಟ್ಟಲೆ ಬಾಳಬೇಕಾದರೆ ಆರೈಕೆ ಬೇಕು.

10 ಇಂಚಿನ ತಟ್ಟೆ ಆರಿಸುವಾಗ ಕಟ್ಟಿನ ನಡುವಿನದನ್ನು ತೆಗೆದು ಬೆಳಕಿಗೆ ಹಿಡಿಯಿರಿ. ಸಣ್ಣ ಕಪ್ಪು ಚುಕ್ಕೆ ಕಂಡರೆ ಬೂಷ್ಟು ಆಗಲೇ ಒಳಗಿದೆ, ವಾರ್ನಿಷ್ ಅದನ್ನು ಮುಚ್ಚುತ್ತದೆ ಅಷ್ಟೇ, ಕೊಲ್ಲುವುದಿಲ್ಲ. ಒಳ್ಳೆಯ ತಟ್ಟೆಯನ್ನು ಎರಡು ದಿನ ಬಿಸಿಲಿಗಿಟ್ಟು, 220 ನಂಬರ್ ಉಪ್ಪುಕಾಗದದಲ್ಲಿ ಹಗುರವಾಗಿ ಉಜ್ಜಿ, ಧೂಳು ಒರೆಸಿ, ಪಾಲಿಯುರೆಥೇನ್ ವಾರ್ನಿಷ್ ಎರಡು ಕೈ ಹಚ್ಚಿ. ಒಳಗೆ, ಹೊರಗೆ, ಮುಖ್ಯವಾಗಿ ಕತ್ತರಿಸಿದ ಅಂಚಿಗೆ. ಪಸೆ ನುಗ್ಗುವುದು ಅಂಚಿನಿಂದಲೇ. ಒಂದು ಬದಿಗೆ ಮಾತ್ರ ಹಚ್ಚಿ ಬಿಟ್ಟರೆ ಇನ್ನೊಂದು ಬದಿ ಪಸೆ ಕುಡಿದು ತಟ್ಟೆ ಸೊಟ್ಟಗಾಗುತ್ತದೆ. ಫೆಲ್ಟ್ ಅಂಟಿಸಲು ಫೆವಿಕಾಲ್ ಬಳಸಬೇಡಿ, ಅದರ ನೀರಿಗೂ ಹಾಳೆ ಏಳುತ್ತದೆ. ಮೇಲೆ ಹೇಳಿದ ರಬ್ಬರ್ ಅಂಟೇ ಸರಿ.

ಚೆನ್ನೆಮಣೆ ಮನೆಯ ಅಟ್ಟದಲ್ಲಿದ್ದರೆ ಇಳಿಸಿ. ಏಳೇಳು ಗುಳಿಯ ಎರಡು ಸಾಲು, ಒಂದು ಡೈಸ್ ಸೆಟ್‌ಗೂ ಏಳೇ. ಒಂದು ಸಾಲಿನಲ್ಲಿ ಡೈಸ್, ಇನ್ನೊಂದರಲ್ಲಿ ಟೋಕನ್. ಟೋಕನ್‌ಗೆ ಮಂಜೊಟ್ಟಿ ಕಾಯಿಯಷ್ಟು ಒಳ್ಳೆಯ ವಸ್ತು ಇನ್ನೊಂದಿಲ್ಲ: ಕೆಂಪು, ನುಣುಪು, ಗಟ್ಟಿ. ಖರ್ಚಾದ ಸ್ಪೆಲ್ ಸ್ಲಾಟ್ (ಪಾತ್ರ ಎಷ್ಟು ಸಲ ಮಂತ್ರ ಹಾಕಬಹುದೆಂಬ ಲೆಕ್ಕ) ಎಣಿಸಲು ಆಟಗಾರನಿಗೆ ಹತ್ತರಂತೆ ಕೊಟ್ಟರೆ ಮೇಜಿಗೆ ಐವತ್ತು ಸಾಕು. ಕಪ್ಪು ಚುಕ್ಕೆಯ ಗುಲಗಂಜಿ ಮಾತ್ರ ಮೇಜಿಗೆ ತರಬೇಡಿ. ಅದು ಚಿಕ್ಕದು, ನೋಡಲು ಇನ್ನೂ ಚೆಂದ, ಆದರೆ ಒಡೆದು ಅಥವಾ ಜಗಿದು ಹೊಟ್ಟೆಗೆ ಹೋದರೆ ಪ್ರಾಣಕ್ಕೇ ಅಪಾಯ. ತೂತು ಕೊರೆದು ಸರ ಮಾಡುವುದಂತೂ ಇನ್ನೂ ಕೆಟ್ಟದ್ದು.

ಡಿಎಂ ಪರದೆ

ಎ4 ಗಾತ್ರದ ನಾಲ್ಕು ಹಲಗೆ, ಅಡ್ಡಲಾಗಿ. ಉದ್ದಕ್ಕೆ ನಿಲ್ಲಿಸಿದರೆ ಡಿಎಂ ಗೋಡೆಯ ಹಿಂದೆ ಅಡಗಿದ ಹಾಗಾಗುತ್ತದೆ, ಮೇಜಿನ ಆಚೆ ತುದಿಯ ಗೊಂಬೆಯೂ ಕಾಣುವುದಿಲ್ಲ. 3 ಮಿ.ಮೀ. ಸನ್‌ಬೋರ್ಡ್‌ನಲ್ಲೇ ಕತ್ತರಿಸಿ. ಬಟ್ಟೆಯ ಟೇಪ್ ಹಾಕುವಾಗ ಹಲಗೆಗಳ ನಡುವೆ ಬಿಡಬೇಕಾದ ಸಂದು ಎಲ್ಲ ಕಡೆ ಒಂದೇ ಅಲ್ಲ. ಮೊದಲ ಮತ್ತು ಕೊನೆಯ ಮಡಿಕೆಗೆ 7 ಮಿ.ಮೀ., ನಡುವಿನದಕ್ಕೆ 13. ಪೂರ್ತಿ ಮಡಚಿದಾಗ ನಡುವಿನ ಮಡಿಕೆ ನಾಲ್ಕು ಹಲಗೆಯ ದಪ್ಪವನ್ನು ಸುತ್ತಿ ಬರಬೇಕಲ್ಲ, ಅದಕ್ಕೆ. ಮೂರಕ್ಕೂ ಒಂದೇ ಅಳತೆ ಕೊಟ್ಟರೆ ಪರದೆ ಮುಚ್ಚುವುದಿಲ್ಲ, ಬಲವಂತ ಮಾಡಿದರೆ ಟೇಪ್ ಕಿತ್ತು ಬರುತ್ತದೆ.

ಒಳಬದಿಗೆ ಆಟದ ನಡುವೆ ಪುಸ್ತಕ ತೆರೆದು ಹುಡುಕುವಂಥವು ಮಾತ್ರ ಬೇಕು. ಆಟದ ಐದನೆಯ ಆವೃತ್ತಿಯ ಕಷ್ಟದ ಅಂಕಿಗಳು, ಅಂದರೆ ಒಂದು ಕೆಲಸ ಸಾಧಿಸಲು ಡಿ20 ಎಸೆದು ಮುಟ್ಟಬೇಕಾದ ಮೊತ್ತ (ತೀರ ಸುಲಭಕ್ಕೆ 5, ಸುಲಭಕ್ಕೆ 10, ಮಧ್ಯಮಕ್ಕೆ 15, ಕಷ್ಟಕ್ಕೆ 20, ತೀರ ಕಷ್ಟಕ್ಕೆ 25, ಅಸಾಧ್ಯವೆನ್ನುವಂಥದ್ದಕ್ಕೆ 30), ಮರೆಯಲ್ಲಿ ನಿಂತವರ ರಕ್ಷಣೆಗೆ ಸೇರುವ ಲೆಕ್ಕ (ಅರ್ಧ ಮರೆಗೆ +2, ಮುಕ್ಕಾಲು ಮರೆಗೆ +5), ಕುರುಡು, ಮೂರ್ಛೆ, ಭಯದಂಥ ಸ್ಥಿತಿಗಳ ಪರಿಣಾಮ, ಮತ್ತು ಒಂದು ಹೆಸರುಗಳ ಪಟ್ಟಿ. ಹೆಸರಿನ ಪಟ್ಟಿಯನ್ನು ಕಡೆಗಣಿಸಬೇಡಿ. ದಾರಿಯಲ್ಲಿ ಸಿಕ್ಕ ಗಾಡಿ ಹೊಡೆಯುವವನ ಹೆಸರೇನು ಎಂದು ಆಟಗಾರರು ಕೇಳಿಯೇ ಕೇಳುತ್ತಾರೆ.

ಕನ್ನಡದಲ್ಲಿ ಮುದ್ರಿಸುವವರಿಗೊಂದು ಎಚ್ಚರಿಕೆ. ಪ್ರಿಂಟಿಂಗ್ ಅಂಗಡಿಯ ಹಳೆಯ ಡಿಸೈನ್ ತಂತ್ರಾಂಶಗಳಿಗೆ ಯೂನಿಕೋಡ್ ಕನ್ನಡ ಅರಗುವುದಿಲ್ಲ. ಒತ್ತಕ್ಷರಗಳೆಲ್ಲ ಬಿಡಿಬಿಡಿಯಾಗಿ, “ಶಸ್ತ್ರ” ಎಂಬುದು ಗುರುತೇ ಸಿಗದಂತೆ ಬರುತ್ತದೆ. ಫೈಲನ್ನು ನೀವೇ ಪಿಡಿಎಫ್ ಮಾಡಿ, ಅಕ್ಷರಗಳನ್ನು ಆಕಾರಗಳಾಗಿ ಪರಿವರ್ತಿಸಿಯೇ ಕೊಡಿ. ಅಕ್ಷರ 12 ಪಾಯಿಂಟ್‌ಗಿಂತ ಕಿರಿದಾಗದಿರಲಿ, ಸಾಲುಗಳ ನಡುವೆ ಒತ್ತಿಗೆ ಜಾಗ ಬಿಡಿ. ಇಂಗ್ಲಿಷ್‌ಗೆ ಸಾಕಾಗುವ ಸಾಲಂತರ ನಮ್ಮ ಲಿಪಿಗೆ ಸಾಲದು.

ಮುರಕಲ್ಲಿನ ನೆಲಮಾಳಿಗೆ

ಯುರೋಪಿನ ಬೂದುಗಲ್ಲಿನ ಕೋಟೆಯೇ ಏಕೆ ಬೇಕು? ಕರಾವಳಿಯವರಿಗೆ ಕಣ್ಣು ಮುಚ್ಚಿದರೂ ಕಾಣುವ ಕಲ್ಲು ಮುರಕಲ್ಲು. ಬಣ್ಣ ಹಚ್ಚುವುದೂ ಸುಲಭ, ಒರಟಾದಷ್ಟೂ ನಿಜವೆನಿಸುತ್ತದೆ.

ಮೊದಲ ಸೆಟ್‌ಗೆ ಇಷ್ಟು ಸಾಕು: 4 × 4 ಇಂಚಿನ ಕೋಣೆಯ ತುಂಡು ಎಂಟು, 2 × 4ರ ಓಣಿ ಆರು, 2 × 2ರ ಮೂಲೆ ನಾಲ್ಕು. ಒಟ್ಟು 192 ಚದರ ಇಂಚು. ಕತ್ತರಿಸಿ ಹಾಳಾಗುವುದನ್ನು ಸೇರಿಸಿದರೂ 1 × 2 ಅಡಿಯ ಒಂದೇ ಹಾಳೆ ಸಾಕು. ಹಾಳೆ ಎಕ್ಸ್‌ಪಿಎಸ್‌ನದ್ದಾಗಿರಲಿ, ತಾರಸಿಯ ಶಾಖ ತಡೆಯಲು ಹಾಸುವ ಬಣ್ಣದ ಗಟ್ಟಿ ನೊರೆಹಲಗೆ. ಪ್ಯಾಕಿಂಗಿನ ಬಿಳಿ ಥರ್ಮೋಕೋಲ್ ಕಾಳುಕಾಳಾಗಿ ಒಡೆಯುತ್ತದೆ, ಅದರಲ್ಲಿ ಕಲ್ಲಿನ ಮೈ ತರಲಾಗದು. 10 ಮಿ.ಮೀ. ದಪ್ಪ ಹೇರಳವಾಯಿತು.

ಕಟ್ಟರ್‌ಗೆ ಹೊಸ ಅಲಗು ಹಾಕಿ, ಓರೆಯಾಗಿ ಹಿಡಿದು ಎರಡು ಮೂರು ಎಳೆತದಲ್ಲಿ ಕತ್ತರಿಸಿ. ಒಂದೇ ಸಲಕ್ಕೆ ಒತ್ತಿದರೆ ಅಂಚು ಹರಿಯುತ್ತದೆ. ಹರಿಯತೊಡಗಿದ ಕೂಡಲೇ ಅಲಗಿನ ತುದಿ ಮುರಿದು ಮುಂದಿನದಕ್ಕೆ ಹೋಗಿ. ಒಂದಿಂಚಿನ ಚೌಕಗಳನ್ನು ಬಾಲ್‌ಪೆನ್‌ನಲ್ಲಿ ಒಂದು ಮಿ.ಮೀ. ಆಳಕ್ಕೆ ಗೀರಿ. ಆಮೇಲೆ ಅಲ್ಯೂಮಿನಿಯಂ ಫಾಯಿಲ್ ಮುದುಡಿ ಉಂಡೆ ಮಾಡಿ ಎಲ್ಲ ಕಡೆ ಉರುಳಿಸಿ ಒತ್ತಿ. ಕೊನೆಗೆ ಬೆಂಕಿಕಡ್ಡಿಯ ಹಿಂತುದಿಯಿಂದ ಅಲ್ಲಲ್ಲಿ ಚುಚ್ಚಿ. ಮುರಕಲ್ಲಿನ ತೂತುಗಳು ಸಾಲಾಗಿರುವುದಿಲ್ಲ, ಒಂದು ಕಡೆ ಗುಂಪಾಗಿ ಇನ್ನೊಂದು ಕಡೆ ಖಾಲಿ ಇರುತ್ತವೆ. ನಿಮ್ಮ ಚುಚ್ಚುವಿಕೆಯೂ ಹಾಗೇ ಇರಲಿ.

ಸ್ಪ್ರೇ ಪೇಂಟ್, ಫೆವಿಬಾಂಡ್, ಥಿನ್ನರ್ ಇವು ಯಾವುವೂ ಬರಿ ನೊರೆಗೆ ತಾಗಬಾರದು, ಕಣ್ಣೆದುರೇ ಕರಗಿ ಕುಳಿ ಬೀಳುತ್ತದೆ. ಮೊದಲ ಲೇಪಕ್ಕೆ ಕಪ್ಪು ಅಕ್ರಿಲಿಕ್ ಎರಡು ಭಾಗ, ಫೆವಿಕಾಲ್ ಮರೈನ್ ಒಂದು ಭಾಗ, ಸ್ವಲ್ಪ ನೀರು. ಸಾದಾ ಬಿಳಿ ಫೆವಿಕಾಲ್ ಇಲ್ಲಿ ಬೇಡ. ಬೇಸಗೆಯಲ್ಲಿ ಗಟ್ಟಿಯಾಗಿಯೇ ಇರುತ್ತದೆ, ಜೂನ್‌ನಲ್ಲಿ ಪಸೆ ಕುಡಿದು ಮತ್ತೆ ಅಂಟಾಗುತ್ತದೆ, ಒಂದರ ಮೇಲೊಂದು ಜೋಡಿಸಿಟ್ಟ ತುಂಡುಗಳು ಹಿಡಿದುಕೊಂಡು ಬಿಡಿಸುವಾಗ ಬಣ್ಣ ಕಿತ್ತು ಬರುತ್ತದೆ. ಬದಿಗಳಿಗೂ ತಳಕ್ಕೂ ಹಚ್ಚಿ, ಒಂದು ದಿನ ಬಿಡಿ.

ಇನ್ನು ಬಣ್ಣ. ಹೊಸದಾಗಿ ಕಡಿದ ಮುರಕಲ್ಲು ಕೇಸರಿ ಮಿಶ್ರಿತ ಕೆಂಪು, ನಡುನಡುವೆ ಹಳದಿ ಮಣ್ಣು ತುಂಬಿದ ಪೊಟರೆ. ನಾಲ್ಕಾರು ಮಳೆ ಕಂಡ ಪಾಗಾರ ಕಪ್ಪಿಟ್ಟು, ಬುಡದಲ್ಲಿ ಪಾಚಿ ಹಿಡಿದಿರುತ್ತದೆ. ನೆಲಮಾಳಿಗೆಗೆ ಬೇಕಾದದ್ದು ಈ ಎರಡನೆಯದು. ಒರಟು ಬ್ರಷ್‌ಗೆ ಇಟ್ಟಿಗೆಗೆಂಪು ಅದ್ದಿ, ಹಳೆ ಬಟ್ಟೆಗೆ ಒರೆಸಿ ಬಹುಪಾಲು ತೆಗೆದು, ಉಬ್ಬಿದ ಕಡೆಗೆ ಮಾತ್ರ ತಾಗುವಂತೆ ಎಳೆಯಿರಿ. ಆಮೇಲೆ ಅದಕ್ಕೆ ಕಿತ್ತಳೆ ಬೆರೆಸಿ ಇನ್ನೂ ಹಗುರವಾಗಿ. ತೂತುಗಳ ಒಳಗಿನ ಕಪ್ಪು ಹಾಗೇ ಉಳಿಯಬೇಕು. ಕೊನೆಗೆ ಕಂದು-ಕಪ್ಪು ಬಣ್ಣವನ್ನು ಒಂದಕ್ಕೆ ಹತ್ತರಷ್ಟು ನೀರಿನಲ್ಲಿ ಕಲಸಿ, ಪಾತ್ರೆ ತೊಳೆಯುವ ದ್ರವ ಒಂದು ಹನಿ ಹಾಕಿ ಹರಿಯಬಿಡಿ. ಆ ಹನಿ ಇಲ್ಲದಿದ್ದರೆ ನೀರು ಮಣಿಮಣಿಯಾಗಿ ನಿಂತು ವೃತ್ತದ ಕಲೆ ಬಿಡುತ್ತದೆ. ಗೋಡೆಯ ಬುಡಕ್ಕೆ ಮಾತ್ರ ಕಡುಹಸಿರು, ಬೆರಳ ತುದಿಯಿಂದ ಒತ್ತಿ. ಮೇಲೆ ನೀರಿನ ಮೂಲದ, ಹೊಳಪಿಲ್ಲದ ವಾರ್ನಿಷ್.

ಮನೆ, ಛತ್ರ ಮಾಡುವುದಾದರೆ ಹೆಂಚಿನ ಮಾಡು ಇಲ್ಲದೆ ಆಗದು. ಬಾಸೆಲ್ ಮಿಷನ್‌ನವರು 1865ರಲ್ಲಿ ಜೆಪ್ಪುವಿನಲ್ಲಿ ಶುರುಮಾಡಿದ ಕಾರ್ಖಾನೆಯಿಂದ ಹೆಸರಾದ ಮಂಗಳೂರು ಹೆಂಚು ಸುಮಾರು 41 ಸೆ.ಮೀ. ಉದ್ದ, 23–24 ಸೆ.ಮೀ. ಅಗಲ. ಗೊಂಬೆಗಳ ಅಳತೆಗೆ ಅರುವತ್ತರಲ್ಲೊಂದು ಪಾಲು ಮಾಡಿದರೆ 7 × 4 ಮಿ.ಮೀ. ಇಷ್ಟು ಸಣ್ಣದನ್ನು ಒಂದೊಂದಾಗಿ ಕತ್ತರಿಸುವುದು ಹುಚ್ಚುತನ. ಸಣ್ಣ ಅಲೆಯ ರಟ್ಟಿನ ಪೆಟ್ಟಿಗೆಯ ಮೇಲಿನ ಕಾಗದವನ್ನು ಒದ್ದೆ ಮಾಡಿ ಸುಲಿದರೆ ಒಳಗಿನ ಅಲೆ ಮೂರೂವರೆ ಮಿ.ಮೀ. ಅಂತರದಲ್ಲಿ ಸಿಗುತ್ತದೆ. ಅದನ್ನು ಅಲೆಗೆ ಅಡ್ಡಲಾಗಿ 8 ಮಿ.ಮೀ. ಪಟ್ಟಿಗಳಾಗಿ ಕತ್ತರಿಸಿ, ಕೆಳಗಿನಿಂದ ಮೇಲಕ್ಕೆ 2 ಮಿ.ಮೀ. ಒಂದರ ಮೇಲೊಂದು ಬರುವಂತೆ ಅಂಟಿಸಿ. ರಟ್ಟಾದ್ದರಿಂದ ವಾರ್ನಿಷ್ ಧಾರಾಳವಾಗಿರಲಿ.

ಗೊಂಬೆಗಳು

300 ಜಿಎಸ್‌ಎಂ ಕಾರ್ಡ್‌ನಲ್ಲಿ ಮುಂದೆ-ಹಿಂದೆ ಚಿತ್ರ ಮುದ್ರಿಸಿ ಮಡಚಿ ಅಂಟಿಸಿದ ನಿಲುಗೊಂಬೆ ಹತ್ತರಲ್ಲಿ ಒಂಬತ್ತು ಮೇಜಿಗೆ ಸಾಕು. ಅಗಲ 1 ಇಂಚು, ಎತ್ತರ ಒಂದೂವರೆ. ತಳದಲ್ಲಿ ಅರ್ಧ ಇಂಚಿನ ಮಡಿಕೆ ಬಿಟ್ಟು ಎಂ12 ವಾಷರ್‌ಗೆ ಅಂಟಿಸಿ. ಅದರ ಹೊರಸುತ್ತು 24 ಮಿ.ಮೀ., ಚೌಕದಲ್ಲಿ ಸರಿಯಾಗಿ ಕೂರುತ್ತದೆ, ಫ್ಯಾನ್ ಗಾಳಿಗೆ ಬೀಳದಷ್ಟು ಭಾರವೂ ಉಂಟು. ತುಕ್ಕಿಗೆ ಬಣ್ಣವಿಲ್ಲದ ಉಗುರುಬಣ್ಣ ಒಂದು ಕೈ.

3ಡಿ ಪ್ರಿಂಟರ್ ಇದ್ದವರಿಗೆ ಒಂದೇ ಮಾತು: ಪಿಎಲ್‌ಎ ಸುರುಳಿ ಪಸೆ ಕುಡಿದಿದ್ದರೆ ಗೊಂಬೆಯ ಕತ್ತಿಗೂ ಕೈಗೂ ನಡುವೆ ಜೇಡರ ಬಲೆಯಂತೆ ನೂಲೆಳೆಯುತ್ತದೆ. ಪ್ರಿಂಟರ್ ಸೆಟ್ಟಿಂಗ್ ತಿರುವುವ ಮುಂಚೆ ಸುರುಳಿಯನ್ನು 45–50 ಡಿಗ್ರಿಯಲ್ಲಿ ಐದಾರು ತಾಸು ಒಣಗಿಸಿ ನೋಡಿ.

ರಾಕ್ಷಸರ ಚಿತ್ರಕ್ಕೆ ಯಕ್ಷಗಾನದ ಬಣ್ಣದ ವೇಷ ದೊಡ್ಡ ಖಜಾನೆ. ಚಿಟ್ಟಿಯ ಬಿಳಿ ಮುಳ್ಳುಗಳು, ಕೆಂಪು-ಕಪ್ಪು ಮುಖ, ಅಗಲ ಕಿರೀಟ ಒಂದಿಂಚಿನ ಗೊಂಬೆಯಲ್ಲೂ ದೂರದಿಂದ ಗುರುತು ಸಿಗುತ್ತವೆ. ಪಂಜುರ್ಲಿ, ಗುಳಿಗನಂಥ ದೈವಗಳ ಅಣಿ, ಮೊಗಗಳನ್ನು ಮಾತ್ರ ಕೊಲ್ಲುವ ಗೊಂಬೆಯಾಗಿ ಮೇಜಿಗೆ ತರಬೇಡಿ. ಅವು ಇಲ್ಲಿ ಕತೆಯ ಪಾತ್ರಗಳಲ್ಲ, ಮನೆಮನೆಯಲ್ಲಿ ನಂಬಿ ನಡೆಯುವ ಶಕ್ತಿಗಳು.

ಮಳೆಗಾಲದ ಕಾಪಿಡುವಿಕೆ

ಹತ್ತು ಲೀಟರ್‌ನ ಬಿಗಿ ಮುಚ್ಚಳದ ಡಬ್ಬಕ್ಕೆ 50 ಗ್ರಾಂ ಸಿಲಿಕಾ ಜೆಲ್, ಬಣ್ಣ ಬದಲಿಸುವ ಬಗೆಯದ್ದು. ಬಣ್ಣ ತಿರುಗಿದರೆ ಓವನ್‌ನಲ್ಲಿ 110–120 ಡಿಗ್ರಿಗೆ ಒಂದೆರಡು ತಾಸು ಇಟ್ಟು ಮತ್ತೆ ಬಳಸಿ. ಬೂಷ್ಟಿಗೆ, ಹುಳಕ್ಕೆ ಹೆದರಿ ನುಸಿಗುಳಿಗೆ ಹಾಕುವುದು ಬೇಡ. ನ್ಯಾಫ್ತಲೀನ್ ಆವಿಗೆ ಕೆಲವು ಪ್ಲಾಸ್ಟಿಕ್ ಗೊಂಬೆಗಳ ಮೈ ಮೆದುವಾಗಿ ಅಂಟುತ್ತದೆ. ಮೆದು ಪಿವಿಸಿ ಚೀಲದಲ್ಲಿ ಡೈಸ್ ತಿಂಗಳುಗಟ್ಟಲೆ ಇಡುವುದೂ ಅದೇ ಕಾರಣಕ್ಕೆ ಸಲ್ಲ, ಹತ್ತಿಯ ಚೀಲ ಮೇಲು. ನಿಯಮ ಪುಸ್ತಕಗಳನ್ನು ಹೊರಗೋಡೆಗೆ ತಾಗಿದ ಕಪಾಟಿನಲ್ಲಿ ಇಡಬೇಡಿ.

ಮಾರುವ ಯೋಚನೆ ಇದ್ದರೆ

ಸಾದಾ ಡೈಸ್ ಟ್ರೇಯನ್ನು ದೊಡ್ಡ ಮಾರಾಟಗಾರರಿಗಿಂತ ಅಗ್ಗವಾಗಿ ನೀವು ಕೊಡಲಾರಿರಿ, ಆ ಸ್ಪರ್ಧೆಗೇ ಇಳಿಯಬೇಡಿ. ಹಾಳೆ ಟ್ರೇ, ಮುರಕಲ್ಲಿನ ನೆಲ, ಬಣ್ಣದ ವೇಷದ ನಿಲುಗೊಂಬೆ, ಕೈಮಗ್ಗದ ಹತ್ತಿ ಸೀರೆಯ ಡೈಸ್ ಚೀಲ, ಕನ್ನಡದ ಡಿಎಂ ಪರದೆ — ಬೇರೆಲ್ಲೂ ಸಿಗದವು ಇವೇ. ಚೀಲಕ್ಕೆ ಸೀರೆಯ ಬಟ್ಟೆ ತೆಳುವಾದ್ದರಿಂದ ಒಳಗೆ ಅಸ್ತರಿ ಕೊಡಲೇಬೇಕು, ಇಲ್ಲದಿದ್ದರೆ ಡಿ4ರ ಮೂಲೆ ಎಳೆ ಕಡಿಯುತ್ತದೆ.

ಬೆಲೆ ಹಾಕುವಾಗ ಸಾಮಾನಿನ ಖರ್ಚನ್ನು ಎರಡರಿಂದ ಗುಣಿಸುವ ಪದ್ಧತಿ ಕೈಕೆಲಸಕ್ಕೆ ಹೊಂದದು. ಉದಾಹರಣೆಗೆ ಒಂದು ಟ್ರೇಗೆ 150 ರೂಪಾಯಿ ಸಾಮಾನು, ಮುಕ್ಕಾಲು ತಾಸು ಕೆಲಸ ಎಂದಿಟ್ಟುಕೊಳ್ಳಿ. ತಾಸಿಗೆ 200ರಂತೆ ಕೂಲಿ 150. ಪೆಟ್ಟಿಗೆ, ಟೇಪ್ 30. ಹತ್ತರಲ್ಲಿ ಒಂದು ಹಾಳಾಗುತ್ತದೆಂದು ಇನ್ನು 30. ಅಲ್ಲಿಗೆ 360 ಆಯಿತು, ಲಾಭ ಶುರುವಾಗುವುದು ಅದರ ಮೇಲೆ. ಸಾಮಾನಿನ ದುಪ್ಪಟ್ಟು ಅಂದರೆ 300, ಪ್ರತಿ ಟ್ರೇಗೂ ಕೈಯಿಂದ ಅರುವತ್ತು ರೂಪಾಯಿ ಹೋಗುತ್ತದೆ.

ನಿಯಮಗಳನ್ನು ಮುದ್ರಿಸಿ ಮಾರುವುದಾದರೆ ಎಸ್‌ಆರ್‌ಡಿ 5.1, ಅಂದರೆ ಆಟದ ಕಂಪನಿಯೇ ಹೊರತಂದ ಮೂಲ ನಿಯಮಗಳ ಕಡತದಲ್ಲಿರುವ ಪಠ್ಯವನ್ನೇ ಬಳಸಿ. 2023ರ ಜನವರಿಯಲ್ಲಿ ಅದನ್ನು ಕ್ರಿಯೇಟಿವ್ ಕಾಮನ್ಸ್ ಎಂಬ ಮುಕ್ತ ಬಳಕೆಯ ಪರವಾನಗಿಯಲ್ಲಿ ಬಿಡುಗಡೆ ಮಾಡಿದ್ದಾರೆ, ಅವರು ಸೂಚಿಸಿದ ಕೃತಜ್ಞತೆಯ ಸಾಲನ್ನು ಹಾಕಿದರೆ ಮಾರಬಹುದು, ಅನುವಾದಿಸಬಹುದು. ಬಿಹೋಲ್ಡರ್, ಮೈಂಡ್ ಫ್ಲೇಯರ್‌ನಂಥ ಕಂಪನಿಯ ಸ್ವಂತ ಪ್ರಾಣಿಗಳನ್ನಾಗಲಿ ಆಟದ ಲೋಗೋವನ್ನಾಗಲಿ ಸರಕಿನ ಮೇಲೆ ಹಾಕಬಾರದು. ಅಂತರರಾಜ್ಯ ಮಾರಾಟಕ್ಕೆ ಜಿಎಸ್‌ಟಿ ನಿಯಮ ಬೇರೆ. ತಲಪಾಡಿ ದಾಟಿದರೆ ಕೇರಳ, ಕಾಸರಗೋಡಿನ ಗಿರಾಕಿಯೂ ಹೊರರಾಜ್ಯದವರೇ. ಮೊದಲ ಪಾರ್ಸೆಲ್‌ಗೆ ಮುಂಚೆಯೇ ಲೆಕ್ಕಪರಿಶೋಧಕರನ್ನು ಕೇಳಿಕೊಳ್ಳಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಾರ್ಸೆಲ್ ಕಟ್ಟುವಾಗ ಸಾಮಾನನ್ನು ಮೊದಲು ಜಿಪ್ ಚೀಲಕ್ಕೆ, ಜೊತೆಗೆ ಸಿಲಿಕಾ ಜೆಲ್‌ನ ಸಣ್ಣ ಪೊಟ್ಟಣ ಹಾಕಿ, ಆಮೇಲೆ ರಟ್ಟಿನ ಪೆಟ್ಟಿಗೆಗೆ, ಅದರ ಹೊರಗೆ ಪ್ಲಾಸ್ಟಿಕ್ ಕೊರಿಯರ್ ಚೀಲ. ವಿಳಾಸವನ್ನು ಇಂಕ್‌ಜೆಟ್‌ನಲ್ಲಿ ಮುದ್ರಿಸಿದ್ದರೆ ಮೇಲೆ ಪಾರದರ್ಶಕ ಟೇಪ್ ಅಂಟಿಸಿ, ನಾಲ್ಕು ಹನಿ ಬಿದ್ದರೂ ಪಿನ್‌ಕೋಡ್ ಅಳಿಸಿಹೋಗುತ್ತದೆ.